ಬೇಲಿ ಸಾಲಿನ ಸೊಪ್ಪು

ಜುಲೈ 9, ಮಂಗಳವಾರ

ಬೆಳಿಗ್ಗೆ ಡ್ರಮ್ ತುಂಬಿಸಿದೆ. ನನಗೆ ಬೋರ್ ಇಲ್ಲ. ಪಕ್ಕದ ಹೊಲದ ಕೆಂಪಾಜಮ್ಮನ ಬೋರ್‌ನಿಂದ ಪೈಪ್ ಎಳೆದುಕೊಂಡಿದ್ದೇನೆ. ಹಾಲೂ ಅವರದೇ. ರಸ್ತೆಗೆ ಹೋಗುವ ದಾರಿಯೂ ಅವರ ಬದುವಿನ ಮೇಲೇ. ಅಂಕೋಲೆಯಲ್ಲಿ ಹುಟ್ಟಿ, ಮೈಸೂರಿನ ಬ್ಯಾಂಕಿನಲ್ಲಿ ವಯಸ್ಸು ಸವೆಸಿ, ಈಗ ಇಲ್ಲಿ ತುಂಡು ಹೊಲ ಕೊಂಡವಳಿಗೆ ಈ ಬಂಡಳ್ಳಿ ಪರದೇಶವೇ. ಬಂದ ಹೊಸದರಲ್ಲಿ ನನ್ನ ಕನ್ನಡ ಕೇಳಿ ಕೆಂಪಾಜಮ್ಮ ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕಿದ್ದರು. ಈಗ ‘ಮೇಡಮ್ಮೋರೆ’ ಹೋಗಿ ‘ಮಗ’ ಆಗಿದೆ. ಐವತ್ತು ದಾಟಿದ ಮಗ.

ಅಲಸಂದೆಗೆ ಕರಿ ಹೇನು ಮುತ್ತಿದೆ. ಔಷಧಿ ಹೊಡೆಯುವವಳಲ್ಲ ಎಂದು ಊರಿಗೆಲ್ಲ ಸಾರಿಕೊಂಡು ಕೂತಿದ್ದೇನೆ... ಯೂಟ್ಯೂಬ್‌ನಲ್ಲಿ ಹೊಗೆಸೊಪ್ಪಿನ ಕಷಾಯ ತೋರಿಸಿದ್ದರು. ಕೌದಳ್ಳಿಯಿಂದ ಹೊಗೆಸೊಪ್ಪು ತಂದು, ಕುದಿಸಿ, ಸೋಸಿ, ಸಂಜೆ ಸ್ಪ್ರೇ ಮಾಡಿದೆ. ಆಷಾಢದ ಗಾಳಿ. ಅರ್ಧ ಅದೇ ಹೊತ್ತುಕೊಂಡು ಹೋಯಿತು.

ಔಷಧಿ ಹೊಡೆಯುವ ಮುಂಚೆ ಒಂದು ಮಾತು ಹೇಳು ಎಂದು ಕೆಂಪಾಜಮ್ಮ ಮೊದಲೇ ಹೇಳಿದ್ದರು. ಬೇಲಿಯಾಚೆ ಅವರ ಹಿಪ್ಪುನೇರಳೆ. ಆ ಸೊಪ್ಪು ತಿಂದೇ ಅವರ ರೇಷ್ಮೆ ಹುಳು ಬದುಕಬೇಕು. ಆದರೆ ಇದು ಔಷಧಿಯಲ್ಲವಲ್ಲ, ಬರೀ ಗಿಡದ ಕಷಾಯ. ಹೇಳಲಿಲ್ಲ.

ಜುಲೈ 11, ಗುರುವಾರ

ಕೆಂಪಾಜಮ್ಮ ತಿಥಿಗೆಂದು ಕೌದಳ್ಳಿಗೆ ಹೋಗಿದ್ದಾರೆ. ಮಗ ಮಾದೇಶ್ ಗೂಡ್ಸ್ ಆಟೋ ಜೊತೆ ಕೊಳ್ಳೇಗಾಲದಲ್ಲಿ. ಹುಳು ಮನೆಗೆ ಸೊಸೆ ಯಶೋದ ಒಬ್ಬಳೇ. ನಾಲ್ಕನೇ ಜ್ವರ ಎದ್ದ ಹುಳು — ಕೊನೆಯ ಪೊರೆ ಬಿಟ್ಟಮೇಲೆ ಅವಕ್ಕೆ ಹೊಟ್ಟೆಯೇ ತುಂಬುವುದಿಲ್ಲ. ಸೊಪ್ಪು ಕೊಯ್ದು ಕೊಯ್ದು ಅವಳ ಬೆರಳೆಲ್ಲ ಹಸಿರು.

ಮಧ್ಯಾಹ್ನ ಬೇಲಿಯ ಹತ್ತಿರ ಬಂದು ಮೆಲ್ಲಗೆ ಹೇಳಿದಳು. ಮುಟ್ಟಾಗಿದ್ದಾಳಂತೆ. ಆ ದಿನಗಳಲ್ಲಿ ಇಲ್ಲಿ ಹೆಣ್ಣುಮಕ್ಕಳು ಹುಳು ಮನೆಗೆ ಕಾಲಿಡುವಂತಿಲ್ಲ.

“ಅಸ್ಕಂಡು ಸಾಯ್ಲಿ ಅಂತ ಬುಟ್ಬುಡಕಾದದಾ ಮೇಡಮ್ಮ? ಅತ್ತೆಗೆ ಯೋಳ್ಬ್ಯಾಡಿ.”

ಹುಳುವಿಗೆ ಅದೆಲ್ಲ ಎಲ್ಲಿ ಗೊತ್ತಾಗುತ್ತೆ ಎಂದೆ. ಇಬ್ಬರೂ ನಕ್ಕೆವು. ನನಗೆ ಮುದ್ದೆ ಕಟ್ಟಲು ಕಲಿಸಿದ ಹುಡುಗಿ. ನನ್ನ ಮೊದಲ ಮುದ್ದೆಯನ್ನು ಎಮ್ಮೆಗೆ ಹಾಕಿ, ಅದೂ ಮೂಸಿ ಬಿಟ್ಟಿತು ಎಂದು ಊರಿಗೆಲ್ಲ ಹೇಳಿಕೊಂಡು ಬಂದವಳೂ ಇವಳೇ.

ಜುಲೈ 12, ಶುಕ್ರವಾರ

ಹುಳು ಸಾಯುತ್ತಿವೆ.

ಕೂಗು ಕೇಳಿ ಓಡಿದೆ. ಬಾಗಿಲಿನಿಂದಲೇ ಕಂಡಿತು. ತಟ್ಟೆ ತಟ್ಟೆಯಲ್ಲೂ ತಲೆ ಮೇಲೆತ್ತಿಕೊಂಡು ಹಸಿರು ನೀರು ಕಕ್ಕುತ್ತಿವೆ. ಇನ್ನೇನು ಗೂಡು ಕಟ್ಟಬೇಕಿದ್ದ ಹುಳು. ಕೆಂಪಾಜಮ್ಮ ಮೊದಲ ಬಸ್ಸಿಗೇ ಬಂದರು. ನೋಡಿ, ಹೊಸ್ತಿಲಲ್ಲೇ ಕೂತುಬಿಟ್ಟರು. ಯಾರೂ ಕೇಳುವ ಮುಂಚೆ ಯಶೋದ ತಾನೇ ಬಾಯಿಬಿಟ್ಟಳು.

“ಮುಟ್ಟಾಗಿದ್ದೆ ಕಣತ್ತೆ. ಆದ್ರೂ ಒಳಕ್ಕೋಗಿದ್ದೆ.”

ಸುಳ್ಳು ಹೇಳಲು ಬಾರದ ಹುಡುಗಿ. ನಾನು ಬೇರೇನೂ ಕೇಳಲಿಲ್ಲ. ಸೊಪ್ಪು ಯಾವ ಸಾಲಿನದು ಎಂದಷ್ಟೇ ಕೇಳಿದೆ. ನಿಮ್ಮ ಬೇಲಿ ಸಾಲಿನದು, ಅಲ್ಲೇ ಚೆನ್ನಾಗಿ ಬಲಿತಿತ್ತು ಎಂದಳು.

ಮನೆಗೆ ಬಂದು ಫೋನಿನಲ್ಲಿ ಹುಡುಕಿದೆ. ಹೊಗೆಸೊಪ್ಪು, ರೇಷ್ಮೆ ಹುಳು. ಮೊದಲ ಸಾಲಿನಲ್ಲೇ ಇತ್ತು. ಅದು ಅವಕ್ಕೆ ವಿಷ.

ನಾನು. ನಾನೇ.

ಜುಲೈ 18, ಗುರುವಾರ

ಇಷ್ಟು ದಿನ ಬರೆಯಲಾಗಲಿಲ್ಲ. ಬರೆದರೆ ನಿಜವಾಗಿಬಿಡುತ್ತದೆ ಎನ್ನುವ ಹೇಡಿತನ.

ಇವತ್ತು ಮಾದೇಶ್ ಯಶೋದಳನ್ನು ಬಸ್ಸು ಹತ್ತಿಸಿ ಬಂದ. ಯಳಂದೂರಿನ ತವರಿಗೆ. ಕೇಳಿದವರಿಗೆ ಆಷಾಢಕ್ಕೆ ಹೋಗಿದ್ದಾಳೆ ಎನ್ನುತ್ತಾರಂತೆ. ಮದುವೆಯಾಗಿ ಎಷ್ಟೋ ವರ್ಷವಾದ ಹೆಣ್ಣಿಗೆ ಯಾವ ಆಷಾಢ? ಮನೆಯ ಲಕ್ಷ್ಮಿಯನ್ನು ಕೊಂದವಳು ಇನ್ನು ಈ ಹೊಸ್ತಿಲು ತುಳಿಯುವುದು ಬೇಡ ಎಂದು ಕೆಂಪಾಜಮ್ಮ ಹೇಳಿದ್ದು ನನಗೇ ಕೇಳಿಸಿತ್ತು.

ಬೇಲಿಯ ಹತ್ತಿರ ನಿಂತಿದ್ದೆ. ಬ್ಯಾಗು ಹಿಡಿದು ಬದುವಿನ ಮೇಲೆ ಹೋಗುತ್ತ ನನ್ನ ಕಡೆ ಕೈ ಬೀಸಿದಳು. ಬಾಯಿ ತೆರೆದರೆ ನೀರು ಹೋಗುತ್ತದೆ, ಹಾಲು ಹೋಗುತ್ತದೆ, ನಡೆಯುವ ಬದುವೂ ಹೋಗುತ್ತದೆ. ಈ ತುಂಡು ನೆಲ ಬಿಟ್ಟರೆ ನನಗೆ ಎಲ್ಲಿದೆ ಜಾಗ? ನಾನೂ ಕೈ ಬೀಸಿದೆ. ಥೂ.

ಬೇಲಿಯೇ ಎದ್ದು ಹೊಲ ಮೇಯ್ದರೆ ಅನ್ನುತ್ತಾರಲ್ಲ. ಆ ಬೇಲಿ ನಾನು.

ಜುಲೈ 20, ಶನಿವಾರ

ತಡೆಯಲಾಗಲಿಲ್ಲ. ಹೋಗಿ ಹೇಳಿಬಿಟ್ಟೆ. ಕೆಂಪಾಜಮ್ಮ ಬ್ಲೀಚಿಂಗ್ ಪೌಡರ್ ಹಾಕಿ ತಟ್ಟೆ ಉಜ್ಜುತ್ತಿದ್ದರು. ಪೂರ್ತಿ ಕೇಳಿದರು. ಆಮೇಲೆ ನನ್ನ ಕೆನ್ನೆ ಸವರಿದರು.

“ನೀನು ಔಸ್ದಿ ಒಡ್ಯಲ್ಲ ಅಂತ ಊರ್ಗೇ ಗೊತ್ತು. ಅವ್ಳನ್ನ ಉಳ್ಸಕೆ ನಿನ್ ತಲೆ ಮ್ಯಾಲೆ ಆಕಬ್ಯಾಡ ಮಗ.”

ಉಳಿದ ಕಷಾಯ ತಂದು ತೋರಿಸಿದೆ. ಮೂಸಿ ನೋಡಿದರು. ತಾವೂ ಹೊಗೆಸೊಪ್ಪು ಜಗಿಯುವವರೇ, ಕೈ ಬಾಯಿ ತೊಳೆದು ಹುಳು ಮನೆಗೆ ಹೋಗುತ್ತಾರೆ, ಯಾವತ್ತೂ ಏನೂ ಆಗಿಲ್ಲವಂತೆ. ಮಾತು ಮುಗಿಯಿತು. ಬರುವಾಗ ಒಂದು ಚೊಂಬು ಹಾಲು ಕೊಟ್ಟು ಕಳಿಸಿದರು. ಕುಡಿಯಲಾಗಲಿಲ್ಲ. ಬೆಕ್ಕಿಗೆ ಹಾಕಿದೆ.

ಜುಲೈ 22, ಸೋಮವಾರ

ಕೊಳ್ಳೇಗಾಲದಲ್ಲಿ ಬಸ್ ಬದಲಿಸಿ ಯಳಂದೂರಿಗೆ ಹೋಗಿದ್ದೆ. ಯಶೋದ ಸೊರಗಿಹೋಗಿದ್ದಾಳೆ. ಮಾದೇಶ್ ಫೋನ್ ತೆಗೆಯುತ್ತಿಲ್ಲವಂತೆ. ಅವನಿಗೆ ಬೇರೆ ಹೆಣ್ಣು ನೋಡುತ್ತಾರಂತೆ, ನಿಜವೇ ಎಂದು ಅವಳ ತಾಯಿ ನನ್ನನ್ನು ಕೇಳಿದರು. ನನ್ನನ್ನು.

ಕಷಾಯದ ಕಥೆ ಹೇಳಿದೆ. ಯಶೋದಳೂ ನಂಬಲಿಲ್ಲ. ನನ್ನ ಮೇಲಿನ ಪ್ರೀತಿಗೆ ಹೇಳುತ್ತಿದ್ದೀರಿ, ನಾನು ಒಳಗೆ ಹೋಗಬಾರದಿತ್ತು ಎಂದು ಅತ್ತಳು. ಮಜ್ಜಿಗೆ ಕೊಟ್ಟು ಉಪಚಾರ ಮಾಡಿದಳು.

ಎಂಥ ಗತಿ. ಒಳ್ಳೆಯವಳು ಅನ್ನಿಸಿಕೊಂಡದ್ದೇ ಕುತ್ತಾಯಿತು. ಬಸ್ಸಿನಲ್ಲಿ ಕಿಟಕಿಗೆ ಮುಖ ಮಾಡಿ ಅತ್ತೆ. ನಂಬಿಸುವುದು ಹೇಗೆ? ಹುಳುವೇ ಹೇಳಬೇಕು.

ಜುಲೈ 25, ಗುರುವಾರ

ಊರೊಳಗೆ ಹುಳು ಸಾಕುವ ಚನ್ನಬಸವ, ಜ್ವರದಿಂದ ತಡವಾಗಿ ಎದ್ದು ಹಿಂದೆ ಬಿದ್ದ ಒಂದು ಹಿಡಿ ಹುಳು ಕೊಟ್ಟ. ಹೇಗಿದ್ದರೂ ಬಿಸಾಡುವವೇ. ಆದರೂ ಸಾಯಿಸಲೆಂದು ಯಾರೂ ಹುಳು ಕೇಳಿರಲಿಲ್ಲ ಎಂದು ಗೊಣಗಿದ.

ಕೆಂಪಾಜಮ್ಮನ ಜಗಲಿಯ ಮೇಲೆ ಎರಡು ತಟ್ಟೆ ಇಟ್ಟೆ. ಸೊಪ್ಪು ನೀವೇ ಕೊಯ್ಯಿರಿ ಎಂದೆ. ಒಂದೇ ಕೊಂಬೆಯದು ತಂದರು. ಅರ್ಧವನ್ನು ಕಷಾಯದಲ್ಲಿ ಅದ್ದಿ ಗಾಳಿಗೆ ಆರಿಸಿದೆ. ಒಂದು ತಟ್ಟೆಗೆ ಅದು, ಇನ್ನೊಂದಕ್ಕೆ ಬರೀ ಸೊಪ್ಪು.

ಒಂದರಲ್ಲಿ ಸರಸರ ಮೇಯುವ ಸದ್ದು. ಇನ್ನೊಂದರಲ್ಲಿ ಸ್ವಲ್ಪ ಹೊತ್ತಿಗೇ ತಲೆಗಳು ಮೇಲೆದ್ದವು. ಅದೇ ಹಸಿರು ನೀರು. ನನಗೆ ನೋಡಲಾಗಲಿಲ್ಲ. ಕೆಂಪಾಜಮ್ಮ ಕೊನೆಯ ಹುಳು ಮುರುಟಿಕೊಳ್ಳುವ ತನಕ ನೋಡಿದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಫೋನ್ ತೆಗೆದು ಮಾದೇಶನಿಗೆ ಎರಡೇ ಮಾತು ಹೇಳಿದರು — ಹೋಗು, ಅವಳನ್ನು ಕರೆದುಕೊಂಡು ಬಾ.

ಆಮೇಲೆ ನನ್ನ ಮುಖ ನೋಡದೆ,

“ತಟ್ಟೆ ತಕಂಡೋಗಿ ಮೇಡಮ್ಮೋರೆ.”

ಜುಲೈ 27, ಶನಿವಾರ

ಮೋಟಾರಿನ ಸದ್ದು ಕೇಳುತ್ತಿದೆ. ನನ್ನ ಪೈಪಿನಲ್ಲಿ ನೀರಿಲ್ಲ. ಡ್ರಮ್ಮಿನ ತಳದ್ದನ್ನು ಬಟ್ಟೆಯಲ್ಲಿ ಸೋಸಿ ಕುಡಿದೆ. ಹಾಲಿಗೆ ಚೊಂಬು ಹಿಡಿದು ಹೋಗಲು ಮುಖವಿಲ್ಲ.

ಸಂಜೆ ಮಾದೇಶನ ಆಟೋ ಬಂತು. ಯಶೋದ ಇಳಿದಳು. ಅಷ್ಟಾದರೂ ಆಯಿತು. ಇತ್ತ ತಿರುಗಿ ನೋಡಲಿಲ್ಲ.

ಜುಲೈ 28, ಭಾನುವಾರ

ಬೆಳಿಗ್ಗೆ ಬೇಲಿಯ ಹತ್ತಿರ ಯಶೋದ. ಸೊಂಟದ ಮೇಲೆ ತುಂಬಿದ ಕೊಡ. ಇಳಿಸಿ ನನ್ನ ಕಡೆ ಸರಿಸಿದಳು. ಅತ್ತೆ ಕಳಿಸಿದರೇ ಎಂದು ಕೇಳಿದೆ. ಇಲ್ಲವೆಂದು ತಲೆಯಾಡಿಸಿದಳು. ನಾನು ಇನ್ನೇನೋ ಹೇಳಹೊರಟರೆ ಕೈ ಅಡ್ಡ ಹಿಡಿದಳು.

“ಯಾವ ಸಾಲ್ನ ಸೊಪ್ಪು ಅಂತ ಅವತ್ತೇ ಕೇಳುದ್ರಲ್ಲ. ಅವತ್ತೇ ಗೊತ್ತಾಗಿತ್ತು ನಿಮ್ಗೆ. ನಾ ಬಸ್ ಅತ್ತೋಗಂಟ ಯಾಕ್ ಸುಮ್ಕಿದ್ರಿ?”

ಕೊಡದ ಕಡೆ ನೋಡಿದೆ. ಅವಳು ಕಾದಳು. ಸಾಯಂಕಾಲ ಕೊಡ ತೆಗೆದುಕೊಂಡು ಹೋಗಲು ಬರುತ್ತೇನೆ, ಆಗ ಹೇಳಿ ಎಂದು ಹೋದಳು.

ಕೊಡ ಮುಂದೆಯೇ ಇದೆ. ಗಂಟಲು ಒಣಗಿದೆ, ಮುಟ್ಟಿಲ್ಲ. ಹಗಲೆಲ್ಲ ಉತ್ತರ ಹುಡುಕಿದೆ. ಹೆದರಿದ್ದೆ ಎನ್ನಬಹುದು. ನೀರಿಗೆ ಹೆದರಿದ್ದೆ ಎಂದು, ಅವಳು ಹೊತ್ತು ತಂದ ನೀರನ್ನು ಮುಂದಿಟ್ಟುಕೊಂಡು ಹೇಳುವುದು ಹೇಗೆ?

ಬಿಸಿಲು ಇಳಿಯಿತು. ಬದುವಿನ ಮೇಲೆ ಬರುತ್ತಿದ್ದಾಳೆ. ಹೇಳಬೇಕಾದ್ದನ್ನು ಮೊದಲು ಇಲ್ಲೇ ಬರೆದು ನೋಡುತ್ತೇನೆ: ಯಶೋದ, ನಾನು ಸುಮ್ಮನಿದ್ದದ್ದು ಯಾಕೆಂದರೆ...