ತಲೆಕೆಳಗಾದ ಮಾವಿನ ಹೂವು

ಮಾವು ಪ್ರದರ್ಶನ ಮಂದಿರದ ಆಡಳಿತಾಧಿಕಾರಿಗಳೇ,

ನಮ್ಮಕ್ಕ ಗಂಗಾಲಕ್ಷ್ಮಿ ಬರೆದ ಮಾವಿನ ಹೂವಿನ ಚಿತ್ರವನ್ನು ನೀವು ತಲೆಕೆಳಗಾಗಿ ತೂಗುಹಾಕಿದ್ದೀರಿ. ಹಾಗೆ ಹಾಕಿದಾಗ ಅವಳ ಸಹಿಯೂ ತಲೆಕೆಳಗಾಗಿ ಕಂಡಿತಂತೆ. ನೋಡಲು ಚೆನ್ನಾಗಿರುವುದಿಲ್ಲವೆಂದು ಸಹಿಯಿದ್ದ ಅಂಚನ್ನೇ ಕತ್ತರಿಸಿ ತೆಗೆಸಿದಿರಿ. ಚಿತ್ರವನ್ನು ತಿರುಗಿಸುವುದಕ್ಕಿಂತ ಹೆಸರನ್ನು ಕತ್ತರಿಸುವುದು ಸುಲಭವೆಂದು ಹೊಳೆದದ್ದು ನಿಮ್ಮ ದೀರ್ಘ ಆಡಳಿತಾನುಭವದ ಫಲವೇ ಇರಬೇಕು.

ಮಾವಿನ ಹೂಗೊಂಚಲು ಕೊಂಬೆಯ ತುದಿಯಲ್ಲಿ ಮೇಲ್ಮುಖವಾಗಿ ನಿಲ್ಲುತ್ತದೆ. ಜೋಲುವುದು ಕಾಯಿ. ಶ್ರೀನಿವಾಸಪುರದಲ್ಲಿ ಕಚೇರಿ ಇಟ್ಟುಕೊಂಡು, ಸಂಕ್ರಾಂತಿ ಕಳೆದ ಮೇಲೂ ಒಮ್ಮೆಯಾದರೂ ಕಿಟಕಿಯಾಚೆ ನೋಡದಿರುವುದಕ್ಕೆ ಬಹಳ ಸಂಯಮ ಬೇಕು. ಕಿತ್ತು ತಂದ ಗೊಂಚಲು ಬಣ್ಣ ಕಲಸುವಷ್ಟರಲ್ಲಿ ಬಾಡುತ್ತದೆಂದು ಅಕ್ಕ ರಾಯಲ್ಪಾಡಿನ ತೋಟದಲ್ಲಿ ಮರದ ಬಳಿಯೇ ಮಣೆ ಹಾಕಿಕೊಂಡು ಕೂತು ಬರೆದ ಚಿತ್ರ ಅದು. ಉದುರಿಹೋಗುವ ಗಂಡು ಹೂ ಯಾವುದು, ಹೀಚು ಕಟ್ಟುವ ಹೂ ಯಾವುದು ಎಂದು ಮಸೂರದಲ್ಲಿ ನೋಡಿ ಬೇರೆಬೇರೆಯಾಗಿ ಬರೆದಿದ್ದಾಳೆ. ಹುಳು ತಿಂದ ಎಲೆಯನ್ನೂ ಬಿಟ್ಟಿಲ್ಲ.

ಇದನ್ನು ಹೇಳಲು ನಾವು ಬಂದಾಗ ನೀವು ಕುರ್ಚಿಯಿಂದ ಏಳದೆಯೇ ನಕ್ಕಿರಿ.

“ಹೂ ತಾನೇ ಮೇಡಂ, ಹೆಂಗಿಟ್ರೂ ಚೆನ್ನಾಗೇ ಕಾಣುತ್ತೆ. ಉದ್ಘಾಟನೆ ಬೇರೆ ಆಗೋಗಿದೆ. ಮನೇಲಿ ಹೆಂಗಸ್ರು ಟೈಂಪಾಸ್‌ಗೆ ಬರೆಯೋದಕ್ಕೆಲ್ಲ ಹೆಸರು ಯಾಕೆ?”

ಅಕ್ಕನ ಅತ್ತೆ ದೊಡ್ಡಗಂಗಮ್ಮ ಬಿಡಲಿಲ್ಲ. “ಹಂಗಾದ್ರೆ ಸಾಮಿ, ಟೇಪು ಕತ್ತರಿಸ್ತಾ ಇದೀರಲ್ಲ ಆ ನಿಮ್ ಫೋಟೋ, ಅದನ್ನೂ ಒಂದ್ಸಲ ತಿರುಗಿಸಿ ಹಾಕ್ಸಿ. ಚೆನ್ನಾಗೇ ಕಾಣ್ತದೇನೋ ನೋಡಾನ.”

ಅಕ್ಕ ಮಾತ್ರ ಅಂದಿನಿಂದ ಕುಂಚ ಮುಟ್ಟಿಲ್ಲ. ಈ ವರ್ಷದ ಹೂ ಬಂದು ನಿಂತಿದೆ. ಅವಳು ತೋಟಕ್ಕೆ ಹೋಗುತ್ತಿಲ್ಲ.

ಬರೆದವರ ಹೆಸರು ಅಳಿಸುವುದನ್ನು ನೀವೇ ಶುರುಮಾಡಿದ್ದೆಂದು ಬೀಗಬೇಡಿ. ಗಿಡಕ್ಕೆ ಹೆಸರಿಟ್ಟವರು ಶಾಸ್ತ್ರಜ್ಞರಾದರು, ಅದೇ ಗಿಡವನ್ನು ಎಲೆ ಎಲೆಯಾಗಿ ಬರೆದ ಎಷ್ಟೋ ಹೆಂಗಸರು ಹವ್ಯಾಸಿಗಳಾಗಿಯೇ ಉಳಿದರು. ನಾನು ಅನುವಾದಿತ ಕಾದಂಬರಿಗಳನ್ನು ಓದುವವಳು. ಪುಸ್ತಕ ಕೈಗೆತ್ತಿಕೊಂಡರೆ ಮೊದಲು ಹುಡುಕುವುದು ಅನುವಾದಕರ ಹೆಸರನ್ನು. ಅದನ್ನು ಒಳಪುಟದ ಮೂಲೆಯಲ್ಲಿ ಅಡಗಿಸುವವರನ್ನು ಬಲ್ಲೆ. ಕತ್ತರಿಯನ್ನೇ ಹಿಡಿದವರನ್ನು ಕಂಡದ್ದು ಇದೇ ಮೊದಲು.

ಕತ್ತರಿಸಿದ ಅಂಚು ಕಸಕ್ಕೆ ಹೋಯಿತೆಂದು ನೀವೇ ಹೇಳಿದಿರಿ. ಆದ್ದರಿಂದ ಚೌಕಟ್ಟು ಬಿಚ್ಚಿಸಿ. ಉದ್ಘಾಟನೆಗೆ ಕರೆದವರನ್ನೆಲ್ಲ ಮತ್ತೆ ಕರೆಯಿರಿ. ಅವರೆದುರು ಅಕ್ಕ ಇನ್ನೊಮ್ಮೆ ಸಹಿ ಹಾಕಲಿ. ಅಷ್ಟು ಹೊತ್ತೂ ಚಿತ್ರವನ್ನು ನೀವೇ ಹಿಡಿದು ನಿಲ್ಲಬೇಕು. ಯಾವ ಕಡೆ ಮೇಲು ಎಂಬುದನ್ನು ಅವಳು ಹೇಳಿಕೊಡುತ್ತಾಳೆ.

ಇಂತಿ,
ಅಕ್ಕನ ಚಿತ್ರವನ್ನು ಕತ್ತು ತಿರುಚಿ ನೋಡಬೇಕಾಗಿ ಬಂದಿರುವ ತಂಗಿ,
ವಾಣಿಶ್ರೀ, ಶ್ರೀನಿವಾಸಪುರ