ಅರ್ಧ ಮಿಲಿಮೀಟರ್

ಮಾರ್ಚ್ ೪, ಮಧ್ಯಾಹ್ನ
ಇವತ್ತೂ ಅರವತ್ತೆರಡು ಮನೆ. ಅರವತ್ತೆರಡು ಸಲ ಚಪ್ಪಲಿ ಬಿಚ್ಚಿದ್ದು, ಅರವತ್ತೆರಡು ಸಲ ಅದೇ ಮಾತು — "ಏನೂ ಆಗಲ್ಲ, ನಾನಿದೀನಲ್ಲ."
ನೆಲದಡಿ ಮೆಟ್ರೋ ಸುರಂಗ ಕೊರೆಯುವ ಮೆಷಿನ್ ಬರ್ತಿದೆ. ಮೇಲಿನ ಮನೆಗಳ ಗೋಡೆ ಬಿರುಕಿಗೆಲ್ಲ ಗೆರೆ ಎಳೆದ ಪ್ಲಾಸ್ಟಿಕ್ ಪಟ್ಟಿ ಅಂಟಿಸಿದ್ದೀವಿ. ದಿನಾ ನೋಡಿ ಬರೆದುಕೊಳ್ಳೋದು. ಬಿರುಕು ಐದು ಮಿಲಿಮೀಟರ್ ಮುಟ್ಟಿದರೆ ಮೆಷಿನ್ ನಿಲ್ಲಬೇಕು, ಮನೆ ಖಾಲಿ ಮಾಡಿಸಬೇಕು. ಇಂಜಿನಿಯರ್ ಓದಿದ ಹುಡುಗ, ಮಾತು ಬರಲ್ಲ. ಇಪ್ಪತ್ತು ವರ್ಷ ಬಸ್ ಕಂಡಕ್ಟರ್ ಆಗಿದ್ದ ನನಗೆ ಮಾತು ಬಿಟ್ಟರೆ ಇನ್ನೇನೂ ಬರಲ್ಲ. ಇಬ್ಬರೂ ಸೇರಿದರೆ ಒಬ್ಬ ಪೂರ್ತಿ ಮನುಷ್ಯ.
ಮೂವತ್ತೇಳನೇದು ಅಕ್ಕನ ಮನೆ. ಹೊಲಿಗೆ ಮೆಷಿನ್ ಹಿಂದಿನ ಗೋಡೆ. ಎರಡು.

ಮಾರ್ಚ್ ೫
ಬೀದಿ ಮೀಟಿಂಗ್. "ಲೈನ್ ಶುರುವಾದರೆ ಎರಡು ಗಂಟೆ ದಾರಿ ಇಪ್ಪತ್ತು ನಿಮಿಷ. ಊರೂ ಬೆಳೆಯುತ್ತೆ, ನಿಮ್ಮ ವ್ಯಾಪಾರಾನೂ" ಅಂದೆ. ಸುಳ್ಳಲ್ಲ. ಹೊಲಿದ ಯೂನಿಫಾರಂ ಗಂಟು ಹೊತ್ತು ಅಕ್ಕ ಎರಡು ಬಸ್ ಬದಲಾಯಿಸೋದು ನೋಡಿದ್ದೀನಿ. ಈ ಲೈನ್ ಅವಳಿಗೇ ಬೇಕು.
ಹಿಂದೆ ನಿಂತಿದ್ದ ಅಕ್ಕ ಕೊನೆಗೆ ಅಂದಳು — "ಅದೇ ದನಿ ಕಣೋ! 'ಹತ್ತಿ ಹತ್ತಿ, ಮುಂದೆ ಖಾಲಿ ಇದೆ' ಅಂತ ಕೂಗ್ತಿದ್ದೆಯಲ್ಲ. ಯಾವತ್ತಾದ್ರೂ ಖಾಲಿ ಇತ್ತೇನೋ?"
ಎಲ್ಲ ನಕ್ಕರು. ನಾನೂ.

ಮಾರ್ಚ್ ೯
ಮೂರು ದಿನ ಬರೆಯಲಿಲ್ಲ. ಕಾಲು ಊದಿದೆ.
ಬಿರುಕು ಎರಡು ಗೆರೆ ನಡುವೆ ನಿಂತರೆ? ಮೂರೂವರೆ ಇದ್ದರೆ ಮೂರು ಅಂತ ಬರೀತೀನಿ. ಎಲ್ಲ ಮನೆಗೂ ಹಾಗೇ. ಜನ ಪುಸ್ತಕ ಇಣುಕ್ತಾರೆ. ಮೂರು ಅಂದರೆ ನೆಮ್ಮದಿಯಾಗಿ ಉಣ್ತಾರೆ. ಅರ್ಧ ಮಿಲಿಮೀಟರ್… ಬಸ್ಸಲ್ಲಿ ಅಷ್ಟು ಜಾಗ ಸಿಕ್ಕಿದ್ದರೆ ಇನ್ನಿಬ್ಬರನ್ನ ನಿಲ್ಲಿಸ್ತಿದ್ದೆ.
ಇಂಜಿನಿಯರ್ ಅಂದ: "ಯಜಮಾನ್ರೇ, ಈ ಮಣ್ಣಲ್ಲಿ ಮೆಷಿನ್ ನಿಂತರೆ ಮತ್ತೆ ಹೊರಡಿಸೋಕೆ ತಿಂಗಳಾಗುತ್ತೆ." ಅಷ್ಟೇ. ಏನು ಮಾಡಿ ಅಂತ ಹೇಳಲಿಲ್ಲ. ಮಾತು ಬರಲ್ಲ ಅಂದಿದ್ದೆ, ವಾಪಸ್ ತಗೋತೀನಿ.

ಮಾರ್ಚ್ ೧೨
ಅಕ್ಕನ ಮನೆ. ನಾಲ್ಕೂವರೆ — ದಾಟಿದೆಯೋ ಏನೋ, ಸರಿಯಾಗಿ ನೋಡಲಿಲ್ಲ. ನೋಡಲಿಲ್ಲ ಅನ್ನೋದೇ ಸರಿ. ನಾಲ್ಕು ಅಂತ ಬರೆದೆ.
ಲಕ್ವ ಹೊಡೆದು ಮಲಗಿರುವ ಭಾವನ ಮಂಚ ಅದೇ ಗೋಡೆಗೆ ಒರಗಿದೆ. "ಸ್ವಲ್ಪ ಈಚೆ ಎಳೆಯೋಣ್ವಾ ಅಕ್ಕಾ?"
"ಯಾಕೆ? ಏನೂ ಆಗಲ್ಲ ಅಂದೆಯಲ್ಲ."

ಮಾರ್ಚ್ ೧೩, ಬೆಳಿಗ್ಗೆ ೭
ಇವತ್ತು ಮೆಷಿನ್ ಅಕ್ಕನ ಮನೆ ಕೆಳಕ್ಕೇ ಬರುತ್ತೆ. ಬೇಗ ಹೋದೆ. ಭಾವನ ಮಂಚ ಆಗಲೇ ಬಾಗಿಲ ಬಳಿ. ಅಕ್ಕ ಗಿರಾಕಿಗಳ ಅಳತೆ ಪುಸ್ತಕ ತೆರೆದು ಮುಂದಿಟ್ಟಳು. ಎದೆ, ಸೊಂಟ, ತೋಳುಗಳ ನಡುವೆ ಒಂದು ಪುಟ — 'ಗೋಡೆ'. ಎರಡು, ಮೂರು, ಮೂರೂವರೆ, ನಾಲ್ಕೂವರೆ. ನಿನ್ನೆ ಸಂಜೆ: ಐದು.
"ಗೊತ್ತಿದ್ದೂ ಸುಮ್ಮನಿದ್ದೆಯಾ?" ಅಂದೆ.
"ಬೆಳಿಗ್ಗೆ ನೀನೇ ಬಂದು ತಿದ್ತೀಯೇನೋ ಅಂತ ಕಾದೆ. ಅಳತೆ ತಪ್ಪಿದರೆ ಬಟ್ಟೆ ಇನ್ನೊಂದು ಹೊಲೀಬಹುದು ಕಣೋ. ನಿನ್ನ ಭಾವ ಒಬ್ಬರೇ ಇರೋದು."
ಐದು ಅಂತ ಬರೆದೆ. ಫೋನ್ ಮಾಡಿದೆ. "ನಿನ್ನೆ ನಾಲ್ಕಿತ್ತಲ್ಲ ಯಜಮಾನ್ರೇ?" ಅಂದ ಇಂಜಿನಿಯರ್.
"ನಿನ್ನೆವರೆಗೂ ನಾನು ಕಂಡಕ್ಟರ್ ಆಗಿದ್ದೆ."

ಮಧ್ಯಾಹ್ನ
ಮೆಷಿನ್ ನಿಂತಿತು. ನೆಲದ ನಡುಕಕ್ಕೆ ಅಕ್ಕನ ಗುಂಡಿ ಡಬ್ಬಿ ಗಿಲಗಿಲ ಅನ್ನೋದು ನಿಂತಾಗಲೇ ಗೊತ್ತಾಯ್ತು. ನಾನೂ ಇಂಜಿನಿಯರೂ ಭಾವನನ್ನು ಕುರ್ಚಿ ಸಮೇತ ವ್ಯಾನಿಗೆ ಹತ್ತಿಸಿದೆವು. ಬೀದಿಗೆ ಬೀದಿಯೇ ಬಾಗಿಲಲ್ಲಿ. "ನಮ್ಮನೇದು ಮೂರೇ ಅಲ್ವಾ?" ಅಂದರು ಮೂವತ್ತೆಂಟನೇ ಮನೆಯ ಅಜ್ಜಿ. ಪುಸ್ತಕ ಮುಚ್ಚಿ ಕಂಕುಳಿಗೆ ಸಿಕ್ಕಿಸಿಕೊಂಡೆ.
ವ್ಯಾನ್ ಹತ್ತುವಾಗ ಅಕ್ಕ ತನ್ನ ಕನ್ನಡಕ ಕೈಗಿಟ್ಟಳು, ಸೂಜಿಗೆ ದಾರ ಪೋಣಿಸುವಾಗ ಹಾಕಿಕೊಳ್ಳೋದು. "ನಿನ್ನ ಕಣ್ಣಿನ ತಪ್ಪಲ್ಲ, ಗೊತ್ತು. ಆದ್ರೂ ಇಟ್ಕೋ."

ಸಂಜೆ ೪
ಎಲ್ಲ ಮನೆ ಮತ್ತೆ ಅಳೀಬೇಕು. ಕನ್ನಡಕ ಹಾಕಿದ್ದೀನಿ.
ಮೂವತ್ತೆಂಟನೇ ಮನೆ, ಅಡುಗೆಮನೆ ಗೋಡೆ. ಅಜ್ಜಿ ಪಕ್ಕದಲ್ಲೇ ನಿಂತು ಪುಸ್ತಕ ಇಣುಕ್ತಿದ್ದಾರೆ. ಹಳೇ ಲೆಕ್ಕ ಮೂರು. ಪಟ್ಟಿ ತೋರಿಸ್ತಿರೋದು —