ಕುಂಕುಮ ಹಚ್ಚಿದ ಕ್ಯಾಸೆಟ್

ಅಕ್ಟೋಬರ್ 14, ಮಂಗಳವಾರ. ಸಿಂಧನೂರು.

ಇನ್ನೂ ಮೈ ಉರಿಯುತ್ತಿದೆ. ಅವ್ವ ಹಾಡಿದ ತತ್ವಪದಗಳ ಒಂದೇ ಒಂದು ಕ್ಯಾಸೆಟ್ ಮಸ್ಕಿಯ ಭಜನಾ ಸಂಘದ ಗ್ರಂಥಾಲಯದಲ್ಲಿದೆ ಎಂದು ತಿಳಿದು ರಜೆ ಹಾಕಿ ಹೋಗಿದ್ದೆ. ಅಲ್ಲಿನ ಕಪಾಟು ನೋಡಿಕೊಳ್ಳುವ ಕರಿಬಸಯ್ಯ ಬೀಗ ತೆಗೆದ. ಕ್ಯಾಸೆಟ್ಟುಗಳ ಮೇಲೆಲ್ಲ ವಿಭೂತಿ, ಕುಂಕುಮ, ಒಣಗಿದ ಚೆಂಡುಹೂ.

"ವರ್ಷಾ ವರ್ಷಾ ಆಯುಧ ಪೂಜಿಗೆ ನೀರು ಚಿಮುಕಿಸಿ ಪೂಜಿ ಮಾಡ್ತೀವ್ರೀ. ಯಾರಿಗೂ ಮುಟ್ಟಾಕ ಬಿಟ್ಟಿಲ್ಲ."

"ಒಮ್ಮೆರ ಹಚ್ಚಿ ಕೇಳೀರೇನು?"

"ದೇವರ ಪದ ಅವು. ಹಂಗ ಹಚ್ಚಾಕ ಬರ್ತೈತೇನ್ರೀ? ನಿಮ್ಮವ್ವಗ ಇಷ್ಟು ಮರ್ಯಾದಿ ಬ್ಯಾರೆ ಯಾರು ಕೊಟ್ಟಾರ?"

ಮರ್ಯಾದೆಯಂತೆ! ಇದೇ ಜನ ಅವ್ವನನ್ನು ಗುಡಿಯ ಕಟ್ಟೆಯ ಕೆಳಗೆ, ಬಿಸಿಲಿನಲ್ಲಿ ನಿಲ್ಲಿಸಿ ಹಾಡಿಸಿದ್ದರು. ಆಗ ಅವರಿಗೆ ದನಿ ಬೇಕಿತ್ತು, ಅವಳು ಬೇಡವಾಗಿದ್ದಳು. ಈಗ ಅವಳಿಗೆ ಪೂಜೆ, ದನಿಗೆ ಬೀಗ.

ಜಗಳ ತೆಗೆದು ಅಲ್ಲೇ ಟೇಪಿಗೆ ಹಾಕಿಸಿದೆ. ಕುಂಕುಮ ಒಳಗೆಲ್ಲ ಇಳಿದಿತ್ತು, ಬರೀ ಗರಗರ ಸದ್ದು. ಆಮೇಲೆ ಅವ್ವ ಒಮ್ಮೆ ಕೆಮ್ಮಿದಳು. ಪದ ಎತ್ತುವ ಮುಂಚೆ ಯಾವಾಗಲೂ ಹಾಗೇ ಕೆಮ್ಮಿ ಗಂಟಲು ಸರಿಮಾಡಿಕೊಳ್ಳುತ್ತಿದ್ದಳು. ಅಷ್ಟರಲ್ಲಿ ರೀಲು ಸಿಕ್ಕಿಕೊಂಡು ತುಂಡಾಯಿತು.

ಕರಿಬಸಯ್ಯ ಟೇಪಿಗೆ ಕೈ ಮುಗಿದ.